ಯಾಕೂಬರ ಗುಂಡಿಗಳು

ಉರ್ದು ಬಲ್ಲವರಿಗೆ 'ಸಾಹಿಲ್' ಎಂದರೆ ದಡ. ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ನಾಡುಗಳಿಗೆ 'ಸಾಹೆಲ್' ಎಂಬ ಹೆಸರು ಬಂದದ್ದೂ ಅದೇ ಅರಬಿ ಪದದಿಂದ. ಮರಳಿನ ಕಡಲಿಗೆ ಅದು ದಡ. 1968ರಿಂದ 1973ರವರೆಗೆ ಅಲ್ಲಿ ಭೀಕರ ಬರ ಬಿತ್ತು. ಮರುಭೂಮಿ ದಡ ದಾಟಿ ಬರುತ್ತಿದೆ, ಅದಕ್ಕೆ ಮರ ಕಡಿದು ನೆಲ ಕೆಡಿಸಿದ ಬಡ ರೈತನೇ ಕಾರಣ ಎಂದು ಹೊರಗಿನವರು ತೀರ್ಪು ಕೊಟ್ಟರು.

ಚರಿತ್ರೆ ಅಷ್ಟು ಸರಳವಲ್ಲ. ಇಂದಿನ ಬುರ್ಕಿನಾ ಫಾಸೊದ ಯಾತೆಂಗದಲ್ಲಿ ಮೊಸ್ಸಿ ರೈತರು ಕೆಲವು ವರ್ಷ ಜೋಳ, ಸಜ್ಜೆ ಬೆಳೆದು ನಂತರ ನೆಲವನ್ನು ಬೀಳು ಬಿಡುತ್ತಿದ್ದರು. ಫ್ರೆಂಚರ ಆಳ್ವಿಕೆಯಲ್ಲಿ ತಲೆಗಂದಾಯ ತೆರಲು ಯುವಕರು ಐವರಿ ಕೋಸ್ಟಿನ ತೋಟಗಳಿಗೆ ಕೂಲಿಗೆ ಹೋದರು. ಮುಂದೆ ಜನಸಂಖ್ಯೆ ಹೆಚ್ಚಿ ಬೀಳು ಬಿಡುವ ಕಾಲ ಕುಗ್ಗಿತು. ದಣಿದ ನೆಲ ಗಟ್ಟಿ ಹೆಪ್ಪಾಗಿ, ಬಿದ್ದ ಮಳೆಯೂ ಒಳಗಿಳಿಯದೆ ಹರಿದುಹೋಯಿತು. 1960ರ ದಶಕದ ಆರಂಭದಲ್ಲಿ ಯಂತ್ರಗಳು ಬಂದು ಲಕ್ಷಕ್ಕೂ ಹೆಚ್ಚು ಹೆಕ್ಟೇರಿನಲ್ಲಿ ಮಣ್ಣಿನ ಬದು ಹಾಕಿದವು. ರೈತರನ್ನು ಯಾರೂ ಕೇಳಿರಲಿಲ್ಲ. ಬದುಗಳನ್ನು ರೈತರೂ ಕಾಯಲಿಲ್ಲ. ಅವು ಒಡೆದುಹೋದವು.

ಗೂರ್ಗ ಎಂಬ ಹಳ್ಳಿಯ ಯಾಕುಬಾ ಸವಾಡೊಗೊ ಬಾಲ್ಯದಲ್ಲಿ ಮಾಲಿಯ ಕುರ್‌ಆನ್ ಶಾಲೆಯೊಂದರಲ್ಲಿ ಓದಿದವರು. ಯಾಕುಬಾ ಎಂದರೆ ನಮ್ಮ ಯಾಕೂಬ. ಸಂತೆಯ ವ್ಯಾಪಾರ ಬಿಟ್ಟು 1980ರ ಸುಮಾರಿಗೆ ಬರದ ಊರಿಗೆ ಮರಳಿದರು. ಅಲ್ಲಿ 'ಜಾಯಿ' ಎಂಬ ಹಳೆಯ ಪದ್ಧತಿಯೊಂದಿತ್ತು: ನೆಲದಲ್ಲಿ ಗೇಣುದ್ದದ ಗುಂಡಿ ತೋಡಿ ಬಿತ್ತುವುದು. ಯಾಕೂಬರು ಗುಂಡಿಯನ್ನು ದೊಡ್ಡದು ಮಾಡಿ ಅದಕ್ಕೆ ಕೊಟ್ಟಿಗೆ ಗೊಬ್ಬರ ತುಂಬಿದರು. ಮಳೆಗೆ ಮೊದಲೇ, ಉರಿಬಿಸಿಲಲ್ಲಿ ತೋಡಿದರು. ಊರವರು ಹುಚ್ಚ ಎಂದರು. ಆದರೆ ಗೊಬ್ಬರ ಗೆದ್ದಲನ್ನು ಕರೆಯಿತು, ಗೆದ್ದಲು ಗಟ್ಟಿ ನೆಲವನ್ನು ಕೊರೆಯಿತು, ಆ ದಾರಿಯಲ್ಲಿ ನೀರು ಇಳಿಯಿತು. ಬಂಜರಿನಲ್ಲಿ ಜೋಳ ತೆನೆಗಟ್ಟಿತು. ಗೊಬ್ಬರದಲ್ಲಿದ್ದ ಬೀಜಗಳಿಂದ ಮರಗಳೂ ಎದ್ದವು. ಕಲಿತದ್ದನ್ನು ಬಚ್ಚಿಡದೆ ಅವರು ತಮ್ಮ ಹೊಲದಲ್ಲೇ ರೈತರ ಸಂತೆ ಸೇರಿಸಿ ಬೀಜ, ಅನುಭವ ಹಂಚಿದರು.

ಇದು ಪವಾಡವಲ್ಲ. ಒಂದು ಹೆಕ್ಟೇರಿಗೆ ನೂರಾರು ಗಂಟೆಗಳ ದುಡಿಮೆ ಬೇಕು; ದನಕರು ಇಲ್ಲದ ಬಡವನಿಗೆ ಗೊಬ್ಬರವೂ ಇಲ್ಲ. ಹಾಗೆಂದು ರಸಗೊಬ್ಬರವೊಂದೇ ಉತ್ತರವೂ ಅಲ್ಲ. 2006ರಲ್ಲಿ ಅಬುಜದಲ್ಲಿ ಸೇರಿದ ಆಫ್ರಿಕದ ನಾಯಕರು, ಹೆಕ್ಟೇರಿಗೆ ಸರಾಸರಿ 8 ಕಿಲೊ ಇದ್ದ ಬಳಕೆಯನ್ನು 2015ರೊಳಗೆ 50 ಕಿಲೊಗೆ ಏರಿಸುವುದಾಗಿ ಘೋಷಿಸಿದರು. ಗುರಿ ಮುಟ್ಟಲಿಲ್ಲ. ಮುಟ್ಟಿದ್ದರೂ, ನೀರು ಹಿಡಿಯದ ನೆಲದಲ್ಲಿ ಎರಚಿದ ಗೊಬ್ಬರ ಮೊದಲ ಮಳೆಗೇ ಕೊಚ್ಚಿಹೋಗುತ್ತದೆ.

ಯಾಕೂಬರಿಗೆ 2018ರಲ್ಲಿ 'ರೈಟ್ ಲೈವ್ಲಿಹುಡ್' ಪ್ರಶಸ್ತಿ, 2020ರಲ್ಲಿ ವಿಶ್ವಸಂಸ್ಥೆಯ ಪರಿಸರ ಗೌರವ ಬಂದವು. ಆದರೆ ಅದಕ್ಕೆ ಮೊದಲೇ ಪಕ್ಕದ ವಾಹಿಗೂಯ ಪಟ್ಟಣ ಬೆಳೆಯುತ್ತ ಬಂದು, ಅವರು ಬೆಳೆಸಿದ ಕಾಡಿನ ಭಾಗವನ್ನೇ ನಿವೇಶನಗಳೆಂದು ಅಳೆಯಲಾಯಿತು. ಬಂಜರಾಗಿದ್ದಾಗ ಯಾರಿಗೂ ಬೇಡವಾಗಿದ್ದ ನೆಲಕ್ಕೆ ಹಸಿರಾದ ಮೇಲೆ ವಾರಸುದಾರರು ಹುಟ್ಟಿಕೊಂಡರು. 2023ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಮಣ್ಣನ್ನು ಬದುಕಿಸುವ ವಿದ್ಯೆ ಬಡವನ ಬಳಿ ಇದೆಯೆಂದು ಜಗತ್ತು ಕೊನೆಗೂ ಒಪ್ಪಿತು. ಹಾಗೆ ಬದುಕಿಸಿದ ಮಣ್ಣು ಅವನದೇ ಎಂದು ಒಪ್ಪುವುದು ಇನ್ನೂ ಬಾಕಿ ಇದೆ.