ಕುಡುಗೋಲು ರಕ್ತ ಮತ್ತು ಹಣೆಬರಹ

ಕುಡುಗೋಲು ನಮಗೆ ಹೊಸದಲ್ಲ. ಕಂಡವರ ಗದ್ದೆಯ ಕುಯ್ಲಿನಲ್ಲಿ ಬೆಳಗಿನಿಂದ ಬೈಗಿನವರೆಗೆ ಬಗ್ಗಿ ನಿಂತ ನಮ್ಮ ಅವ್ವಂದಿರ ಕೈಯಲ್ಲಿ ಅದನ್ನು ಕಂಡಿದ್ದೇವೆ. ಮೆರವಣಿಗೆಯ ಬಾವುಟದ ಮೇಲೆ ಕಂಡಿದ್ದೇವೆ. ಆದರೆ ನಮ್ಮ ಜನರ ರಕ್ತದೊಳಗೂ ಒಂದು ಕುಡುಗೋಲು ಇದೆ, ಅದು ಒಳಗಿನಿಂದಲೇ ಕುಯ್ಯುತ್ತದೆ ಎಂಬುದನ್ನು ನಾವು ತಿಳಿದದ್ದು ತಡವಾಗಿ.

ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳ ಹಾಡಿ ಪೋಡುಗಳ ಮಕ್ಕಳು ಬರುವ ಶಾಲೆಗಳಲ್ಲಿ ಈ ಮಾತು ಅಪರೂಪವಲ್ಲ. "ಯಾಕ್ಲಾ, ನಾಕು ದಿನದಿಂದ ಪತ್ತೆ ಇಲ್ಲ?" "ಮೂಳೆ ನೋವು ಸಾ." "ಸೋಂಬೇರಿ. ಕಾಡು ಸುತ್ತೋಕೆ ನೋವಿಲ್ವಾ?" ಹುಡುಗ ತಲೆ ತಗ್ಗಿಸುತ್ತಾನೆ. ಮನೆಯಲ್ಲಿ ದೇವರ ಶಾಪ ಅಂತಾರೆ, ಶಾಲೆಯಲ್ಲಿ ಸೋಮಾರಿತನ ಅಂತಾರೆ. ಎರಡೂ ಅಲ್ಲ ಎಂದು ಹೇಳುವವರು ಅವನಿಗೆ ಸಿಕ್ಕಿಲ್ಲ.

ಸಂಗತಿ ಇಷ್ಟು. ಆರೋಗ್ಯವಂತರ ಕೆಂಪು ರಕ್ತಕಣ ದುಂಡಗಿದ್ದು ಮೆತ್ತಗೆ ಬಳುಕುತ್ತದೆ, ಸುಮಾರು 120 ದಿನ ಬದುಕುತ್ತದೆ. ಈ ರೋಗವಿದ್ದವರಲ್ಲಿ ಆಮ್ಲಜನಕ ಕಳೆದುಕೊಂಡ ಕಣ ಬಿರುಸಾಗಿ ಕುಡುಗೋಲಿನಂತೆ ಬಾಗುತ್ತದೆ. ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ, ಹತ್ತಿಪ್ಪತ್ತು ದಿನದಲ್ಲಿ ಸಾಯುತ್ತದೆ. ಅದರಿಂದ ರಕ್ತ ಕಡಿಮೆ, ಕಣ್ಣು ಹಳದಿ, ಮೂಳೆ ಮುರಿದಂಥ ನೋವು. ಚಳಿ, ಜ್ವರ, ನೀರಡಿಕೆ, ಅತಿ ದುಡಿಮೆ ಈ ನೋವನ್ನು ಕೆರಳಿಸುತ್ತವೆ. ಇದು ಅಂಟುರೋಗವಲ್ಲ. ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎರಡೂ ಕಡೆಯಿಂದ ಬಂದರೆ ರೋಗ. ಒಂದೇ ಕಡೆಯಿಂದ ಬಂದರೆ ವಾಹಕ. ವಾಹಕ ರೋಗಿಯಲ್ಲ, ಸಾಮಾನ್ಯವಾಗಿ ಎಲ್ಲರಂತೆ ದುಡಿದು ಬಾಳುತ್ತಾನೆ. ವಾಹಕನಿಗೂ ರೋಗಿಗೂ ಇರುವ ಈ ವ್ಯತ್ಯಾಸ ಮರೆತಾಗಲೆಲ್ಲ ಚರಿತ್ರೆಯಲ್ಲಿ ಅನ್ಯಾಯ ನಡೆದಿದೆ.

ಆ ಚರಿತ್ರೆ ಪುಸ್ತಕಗಳಲ್ಲಿ ಶುರುವಾಗುವುದು ಒಬ್ಬ ಕಪ್ಪು ವಿದ್ಯಾರ್ಥಿಯಿಂದ. ವಾಲ್ಟರ್ ಕ್ಲೆಮೆಂಟ್ ನೋಯೆಲ್ ಎಂಬ ಯುವಕ ಕೆರಿಬಿಯನ್ನಿನ ಗ್ರೆನಡಾ ದ್ವೀಪದಿಂದ 1904ರಲ್ಲಿ ದಂತವೈದ್ಯ ಕಲಿಯಲು ಶಿಕಾಗೋಗೆ ಬಂದ. ಕಾಯಿಲೆ ಬಿದ್ದಾಗ ಅವನ ರಕ್ತದಲ್ಲಿ ಬಾಗಿದ ಕಣಗಳು ಕಂಡವು. 1910ರಲ್ಲಿ ಡಾಕ್ಟರ್ ಹೆರಿಕ್ ಅದನ್ನು ಪ್ರಕಟಿಸಿದರು. ಕೀರ್ತಿ ಹೆರಿಕ್ ಅವರಿಗೆ ಬಂತು. ಆ ಲೇಖನದಲ್ಲಿ ಹೆಸರೂ ಇಲ್ಲದ ನೋಯೆಲ್ ಓದು ಮುಗಿಸಿ, ತನ್ನೂರಿಗೆ ಹೋಗಿ ಹಲ್ಲಿನ ಡಾಕ್ಟರಾಗಿ ದುಡಿದು, 1916ರಲ್ಲಿ 32ನೇ ವಯಸ್ಸಿಗೆ ತೀರಿಕೊಂಡ. ಪಶ್ಚಿಮ ಆಫ್ರಿಕಾದ ಜನ ಈ ನೋವಿಗೆ ಎಷ್ಟೋ ಮೊದಲೇ ತಮ್ಮ ಭಾಷೆಗಳಲ್ಲಿ ಹೆಸರಿಟ್ಟಿದ್ದರು. ಅವರ ಅರಿವು ಯಾರ ಲೆಕ್ಕಕ್ಕೂ ಬರಲಿಲ್ಲ.

1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಅವರ ಸಂಗಡಿಗರು ರೋಗದ ಮೂಲ ಹೀಮೋಗ್ಲೋಬಿನ್ ಅಣುವಿನಲ್ಲೇ ಇದೆಯೆಂದು ತೋರಿಸಿದರು. ಮುಂದೆ ವರ್ನನ್ ಇಂಗ್ರಾಮ್ 1957ರ ಹೊತ್ತಿಗೆ ಆ ತಪ್ಪು ಎಲ್ಲಿದೆಯೆಂದು ಕಂಡುಹಿಡಿದರು. 146 ಅಮೈನೋ ಆಮ್ಲಗಳ ಸಾಲಿನಲ್ಲಿ ಆರನೆಯದು ಒಂದು ಬದಲಾಗಿತ್ತು. ಉದ್ದನೆಯ ವಾಕ್ಯದಲ್ಲಿ ಒಂದಕ್ಷರ ತಪ್ಪಿದ ಹಾಗೆ, ಅಷ್ಟೇ.

ಇದೇ ಪಾಲಿಂಗ್ 1968ರಲ್ಲಿ ಒಂದು ಸಲಹೆ ಕೊಟ್ಟರು. ಇಂಥ ವಂಶವಾಹಿ ಇರುವ ಪ್ರತಿ ಯುವಕ ಯುವತಿಯ ಹಣೆಯ ಮೇಲೆ ಹಚ್ಚೆ ಹಾಕಬೇಕು, ಆಗ ಇಬ್ಬರು ವಾಹಕರು ಪರಸ್ಪರ ಗುರುತಿಸಿ ಪ್ರೀತಿಯಲ್ಲಿ ಬೀಳದಿರುತ್ತಾರೆ ಎಂದು. ಅವರು ಕ್ರೂರಿಯಲ್ಲ. ಅಣುಬಾಂಬಿನ ಪರೀಕ್ಷೆಗಳನ್ನು ವಿರೋಧಿಸಿ ಶಾಂತಿ ನೊಬೆಲ್ ಪಡೆದವರು. ರೋಗ ತಪ್ಪಿಸಬೇಕೆಂಬ ಕಳಕಳಿಯಿಂದಲೇ ಆಡಿದ ಮಾತದು. ಆದರೂ ಆ ಮಾತು ಕೇಳಿದರೆ ನಮ್ಮ ಹಣೆ ಉರಿಯುತ್ತದೆ. ಪೇಶ್ವೆಗಳ ಕಾಲದಲ್ಲಿ ಅಸ್ಪೃಶ್ಯರ ಸೊಂಟಕ್ಕೆ ಪೊರಕೆ, ಕೊರಳಿಗೆ ಮಡಕೆ ಕಟ್ಟಿಸಿದ್ದನ್ನು ಬಾಬಾಸಾಹೇಬರು ಬರೆದಿದ್ದಾರೆ. ಹಣೆಬರಹ ಎಂಬ ಒಂದೇ ಪದದಿಂದ ನಮ್ಮನ್ನು ಸಾವಿರಾರು ವರ್ಷ ಕೂರಿಸಿದ ನಾಡು ಇದು. ಬ್ರಹ್ಮನ ಜಾಗದಲ್ಲಿ ಡಾಕ್ಟರು ಬಂದು ಬರೆದರೆ ಅದು ವಿಜ್ಞಾನ ಆಗಿಬಿಡುತ್ತದೆಯೇ?

ಇದಕ್ಕೆ ಉತ್ತರ ಬಂದದ್ದು ಬೀದಿಯಿಂದ. ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಹುಡುಗ ಹುಡುಗಿಯರು 1971ರಲ್ಲಿ ತಮ್ಮ ಜನರ ರಕ್ತ ಪರೀಕ್ಷೆಯನ್ನು ಪುಕ್ಕಟೆಯಾಗಿ ಶುರುಮಾಡಿದರು. ತಮ್ಮದೇ ಚಿಕಿತ್ಸಾಲಯಗಳಲ್ಲಿ, ಮನೆ ಬಾಗಿಲಲ್ಲಿ, ಸಭೆಗಳಲ್ಲಿ ಬೆರಳು ಚುಚ್ಚಿ ರಕ್ತ ತೆಗೆದರು. ಕರಿಯರ ಕಾಯಿಲೆ ಅಂತ ಸರ್ಕಾರ ಇದನ್ನು ಮೂಲೆಗೆ ತಳ್ಳಿದೆ ಎಂದು ತಮ್ಮ ಪತ್ರಿಕೆಯಲ್ಲಿ ಬರೆದರು. 1972ರ ಮೇ ತಿಂಗಳಲ್ಲಿ ಅಧ್ಯಕ್ಷ ನಿಕ್ಸನ್ ಈ ರೋಗದ ನಿಯಂತ್ರಣದ ಕಾನೂನಿಗೆ ಸಹಿ ಹಾಕಿದರು.

ಅದೇ 1972ರಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರ್ ಹುಟ್ಟಿತು. ಹೆಸರು ಅವರಿಂದಲೇ ಬಂತು. ಆ ಕಿಚ್ಚು ಕರ್ನಾಟಕಕ್ಕೂ ತಾಗಿತು. ಆದರೆ ಪ್ರಾಮಾಣಿಕವಾಗಿ ಹೇಳೋಣ ಗೆಳೆಯರೆ, ಅವರ ಘೋಷಣೆ ತಂದೆವು, ಕವಿತೆ ತಂದೆವು, ರಕ್ತ ಪರೀಕ್ಷೆಯ ಚೀಲವನ್ನು ಅಲ್ಲೇ ಬಿಟ್ಟು ಬಂದೆವು.

ಅಮೆರಿಕದ ಕಥೆ ಅಲ್ಲಿಗೇ ಮುಗಿಯಲಿಲ್ಲ. ಹಲವು ರಾಜ್ಯಗಳು ಪರೀಕ್ಷೆಯನ್ನು ಕಡ್ಡಾಯ ಮಾಡಿದವು. ಕೆಲವೆಡೆ ಶಾಲೆ ಸೇರುವ ಮಕ್ಕಳಿಗೆ, ಕೆಲವೆಡೆ ಮದುವೆ ಪರವಾನಗಿ ಕೇಳಿದವರಿಗೆ. ವಾಹಕರನ್ನೂ ರೋಗಿಗಳನ್ನೂ ಒಂದೇ ಮಾಡಿದವು. ಆರೋಗ್ಯವಾಗಿದ್ದವರಿಗೆ ಕೆಲಸ ತಪ್ಪಿತು, ವಿಮೆಯ ಕಂತು ಏರಿತು. ವಾಯುಪಡೆಯ ಅಕಾಡೆಮಿ 1981ರವರೆಗೆ ವಾಹಕ ಯುವಕರಿಗೆ ಬಾಗಿಲು ಹಾಕಿತ್ತು. ಹಚ್ಚೆ ಹಾಕಲಿಲ್ಲ ನಿಜ. ಹಚ್ಚೆಯ ಕೆಲಸವನ್ನು ಕಾಗದ ಮಾಡಿತು.

ಗ್ರೀಸ್ ದೇಶದ ಓರ್ಕೊಮೆನೊಸ್ ಎಂಬ ಊರಿನಲ್ಲಿ ವಾಹಕರು ಬಹಳ ಮಂದಿ. ಅಲ್ಲಿ ಎಲ್ಲರ ರಕ್ತ ಪರೀಕ್ಷಿಸಿ, ಫಲ ತಿಳಿಸಿ, ಮದುವೆಗೆ ಮುನ್ನ ಯೋಚಿಸಿ ಎಂದು ಬುದ್ಧಿ ಹೇಳಲಾಯಿತು. ಕೆಲವು ವರ್ಷ ಕಳೆದು ನೋಡಿದರೆ ವಾಹಕರು ವಾಹಕರನ್ನೇ ಮದುವೆಯಾಗುವುದು ಕಡಿಮೆಯಾಗಿರಲಿಲ್ಲ. ಕಳಂಕಕ್ಕೆ ಅಂಜಿ ಎಷ್ಟೋ ಮನೆಯವರು ಸಂಬಂಧದ ಮಾತುಕತೆಯಲ್ಲಿ ವಿಷಯವನ್ನೇ ಮುಚ್ಚಿಟ್ಟಿದ್ದರು. ಆ ಅಧ್ಯಯನ 1974ರಲ್ಲಿ ಪ್ರಕಟವಾಯಿತು. ಮರ್ಯಾದೆ ಕೊಡದೆ ಕೊಟ್ಟ ಮಾಹಿತಿಯನ್ನು ಜನ ಬಚ್ಚಿಡುತ್ತಾರೆ. ಆ ಊರು ಕಲಿಸಿದ ಪಾಠ ಇದು.

ಈಗ ನಮ್ಮ ನೆಲಕ್ಕೆ ಬರೋಣ. 1952ರಲ್ಲಿ ಲೆಹ್ಮನ್ ಮತ್ತು ಕಟ್‌ಬುಷ್ ಎಂಬ ಸಂಶೋಧಕರು ನೀಲಗಿರಿಯ ಆದಿವಾಸಿಗಳಲ್ಲಿ ಈ ಕಣಗಳನ್ನು ಗುರುತಿಸಿದರು. ಬಂಡೀಪುರದ ಕಾಡಿನ ಆಚೆ ಮಗ್ಗುಲದು. 1958ರಲ್ಲಿ ಮಧ್ಯ ಭಾರತದ ವರದಿ ಬಂತು. ನಾಗಪುರದ ಸುತ್ತಿನ ಮಹಾರರಲ್ಲೂ ಇದು ಇದೆ. 1956ರಲ್ಲಿ ಬಾಬಾಸಾಹೇಬರ ಜೊತೆ ದೀಕ್ಷೆ ಪಡೆದ ಅದೇ ಜನ. ಹಾಗಾದರೆ ಇದು ದಲಿತರ, ಆದಿವಾಸಿಗಳ ರಕ್ತದ ದೋಷವೇ? ಅಲ್ಲವೇ ಅಲ್ಲ. 1954ರಲ್ಲಿ ಆಂಟನಿ ಆಲಿಸನ್ ಪೂರ್ವ ಆಫ್ರಿಕಾದಲ್ಲಿ ತೋರಿಸಿದ್ದು, ವಾಹಕರಿಗೆ ಮಲೇರಿಯಾದ ಮಾರಕ ಹೊಡೆತದಿಂದ ರಕ್ಷಣೆ ಇದೆಯೆಂದು. ಚಳಿಜ್ವರದ ನಾಡುಗಳಲ್ಲಿ ಜೀವ ಉಳಿಸಿದ ಗುಣವಿದು. ಗ್ರೀಸಿನಲ್ಲಿ, ಅರೇಬಿಯದಲ್ಲಿ, ಆಫ್ರಿಕಾದಲ್ಲಿ, ನಮ್ಮ ಕಾಡಂಚಿನಲ್ಲಿ ಅದಕ್ಕೇ ಉಳಿದಿದೆ. ಸೊಳ್ಳೆಗೆ ಜಾತಿ ಗೊತ್ತಿಲ್ಲ. ರಕ್ತಶುದ್ಧಿಯ ಮಾತಾಡುವವರಿಗೆ ಇಷ್ಟು ಹೇಳಿದರೆ ಸಾಕು.

2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲಿನಲ್ಲಿ ಈ ರೋಗದ ನಿರ್ಮೂಲನೆಯ ರಾಷ್ಟ್ರೀಯ ಅಭಿಯಾನ ಶುರುವಾಯಿತು. 40 ವರ್ಷದೊಳಗಿನ 7 ಕೋಟಿ ಜನರ ಪರೀಕ್ಷೆ, 2047ರ ಗಡುವು. ಪರೀಕ್ಷೆಯಾದವರ ಕೈಗೆ ಕಾರ್ಡು. ಮದುವೆಗೆ ಮುನ್ನ ಕಾರ್ಡು ನೋಡಿ ಎಂಬ ಸಲಹೆ. ಪರೀಕ್ಷೆ ಬೇಕು, ಇದರಲ್ಲಿ ಎರಡು ಮಾತಿಲ್ಲ. ಆದರೆ ಕಾರ್ಡು ಹೊಸ ಜಾತಕವಾಗದಂತೆ ಕಾಯುವವರು ಯಾರು? ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಈ ಲೆಕ್ಕ ಹೇಳದೆ ಬರೀ ಕಾರ್ಡು ಕೊಟ್ಟರೆ ಮೊದಲು ಪೆಟ್ಟು ತಿನ್ನುವವಳು ಹೆಣ್ಣುಮಗಳು. "ಇವಳ ಕಡೆ ರಕ್ತ ಸರಿಯಿಲ್ಲ" ಅಂತ ಸಂಬಂಧ ಮುರೀತಾರೆ. ಗಂಡಿನ ಕಡೆಯಿಂದಲೂ ಬಾರದೆ ಈ ರೋಗ ಬರುವುದಿಲ್ಲ ಎಂದು ಯಾರೂ ಕೇಳಿಸಿಕೊಳ್ಳುವುದಿಲ್ಲ.

ಬದುಕಿಸುವ ದಾರಿಗಳೂ ಇವೆ. ಎಳೆಗೂಸುಗಳಿಗೆ ದಿನವೂ ಪೆನಿಸಿಲಿನ್ ಕೊಟ್ಟರೆ ಸೋಂಕಿನ ಸಾವು ತಪ್ಪುತ್ತದೆಂದು ಕಪ್ಪು ಮಹಿಳೆ ಡಾಕ್ಟರ್ ಮ್ಯಾರಿಲಿನ್ ಗ್ಯಾಸ್ಟನ್ ಮತ್ತು ಸಂಗಡಿಗರು 1986ರಲ್ಲಿ ತೋರಿಸಿದರು. ಹೈಡ್ರಾಕ್ಸಿಯೂರಿಯಾ ಗುಳಿಗೆ ನೋವಿನ ಹೊಡೆತಗಳನ್ನು ಕಡಿಮೆ ಮಾಡುತ್ತದೆ. 2023ರ ಡಿಸೆಂಬರಿನಲ್ಲಿ ಅಮೆರಿಕ ವಂಶವಾಹಿಯನ್ನೇ ತಿದ್ದುವ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು. ಅದರ ಬೆಲೆ 22 ಲಕ್ಷ ಡಾಲರ್. ಹಾಡಿಯ ಹುಡುಗನಿಗೆ ಅದು ಚಂದ್ರಲೋಕ. ಗುಳಿಗೆಯಾದರೂ ಹತ್ತಿರದ ಆಸ್ಪತ್ರೆಯಲ್ಲಿ ತಪ್ಪದೆ ಸಿಗಲಿ ಎಂದು ಕೇಳುವುದು ನಮ್ಮ ಹಕ್ಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಈ ರೋಗವನ್ನು ತನ್ನ ಪಟ್ಟಿಗೆ ಸೇರಿಸಿದೆ. ಆದರೆ ಅದೇ ಕಾಯ್ದೆಯ ಉದ್ಯೋಗ ಮೀಸಲಾತಿಯಲ್ಲಿ ರಕ್ತರೋಗಗಳಿಗೆ ಜಾಗವಿಲ್ಲ. ಇದನ್ನು ನಮ್ಮ ಹಕ್ಕೊತ್ತಾಯದ ಪಟ್ಟಿಗೆ ಸೇರಿಸಬೇಕು.

ನಾವು ಮಾಡಬಹುದಾದ್ದು ಬಹಳ ಇದೆ. ವಿದ್ಯಾರ್ಥಿಗಳು ಮೊದಲು ತಮ್ಮ ರಕ್ತ ಪರೀಕ್ಷಿಸಿಕೊಳ್ಳಲಿ, ಅಂಜಿಕೆ ಆಗ ಅರ್ಧ ಕಳೆಯುತ್ತದೆ. ಮೊದಲ ಸುಲಭ ಪರೀಕ್ಷೆ ವಾಹಕ ಯಾರು, ರೋಗಿ ಯಾರು ಎಂದು ಬಿಡಿಸಿ ಹೇಳುವುದಿಲ್ಲ, ಎರಡನೆಯ ಪರೀಕ್ಷೆ ಆಗಲೇಬೇಕು. ಅದನ್ನು ಕೇಳಿ ಪಡೆಯಿರಿ. ಫಲವನ್ನು ಪ್ರಾರ್ಥನೆಯ ಸಾಲಿನಲ್ಲಿ ಕೂಗಿ ಹೇಳಬೇಡಿ, ಗೋಡೆಗೆ ಅಂಟಿಸಬೇಡಿ. ಅದು ಆ ಹುಡುಗನದು, ಆ ಹುಡುಗಿಯದು. ಹಾಡಿಯ ಮಾತು ಬಲ್ಲ ಹುಡುಗ ಹುಡುಗಿಯರೇ ಹಾಡಿಯಲ್ಲಿ ಕೂತು ಈ ಲೆಕ್ಕ ಬಿಡಿಸಿ ಹೇಳಲಿ. ಪ್ಯಾಂಥರ್‌ಗಳು ಮಾಡಿದ್ದು ಇದನ್ನೇ.

ಇನ್ನು ಮೇಷ್ಟ್ರುಗಳಿಗೆ ಒಂದು ಮಾತು. ನಾಕು ದಿನ ಬಿಟ್ಟು ಬಂದ ಆ ಹುಡುಗ ನಾಳೆ ಬಾಗಿಲಲ್ಲಿ ನಿಂತಾಗ ಹಾಜರಿ ಪುಸ್ತಕ ಪಕ್ಕಕ್ಕಿಡಿ. "ಎಲ್ಲಿ ನೋವು ಮಗಾ? ನೀರು ಕುಡಿದ್ಯಾ? ಬಾ, ಒಳಗೆ ಕೂತ್ಕೋ" ಅನ್ನಿ. ಅಲ್ಲಿಂದ ಶುರುಮಾಡೋಣ.