ಕಂಬಂ ಕಣಿವೆಯ ಕೂಸು, ಕಾವಲುನಾಯಿ
ಕೂಸು ಬರುವ ಮುನ್ನ ಮನೆಯ ನಾಯಿಯನ್ನು ಅದಕ್ಕೆ ಒಗ್ಗಿಸಬೇಕು ಎಂದರೆ ಪೇಟೆಯವರ ಶೋಕಿ ಎಂದು ತಳ್ಳಿಹಾಕುವವರು ಬಹಳ. ಹಿಂದೆಲ್ಲ ದನ, ನಾಯಿ, ಮಕ್ಕಳು ಒಂದೇ ಅಂಗಳದಲ್ಲಿ ಬೆಳೆಯಲಿಲ್ಲವೇ ಎಂಬುದು ಅವರ ವಾದ. ಬೆಳೆದದ್ದು ನಿಜ, ತಾನಾಗಿ ಬೆಳೆದದ್ದಲ್ಲ. ನಾವು ಇಂದು ಕಲಿತು ಮಾಡಬೇಕಾದ ಕೆಲಸವನ್ನು ಅಂದು ಮನೆಯ ಕಟ್ಟಡ ಮತ್ತು ಹೆರಿಗೆಯ ಕಟ್ಟಳೆ ಸದ್ದಿಲ್ಲದೆ ಮಾಡಿ ಮುಗಿಸುತ್ತಿದ್ದವು. ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯನ್ನು ನೋಡಿದರೆ ಇದು ತಿಳಿಯುತ್ತದೆ. ಘಟ್ಟದ ಬುಡದಲ್ಲಿರುವ ಅಲ್ಲಿನ ಕೋಂಬೈ ಊರು ತನ್ನ ಹೆಸರನ್ನೇ ಒಂದು ನಾಯಿತಳಿಗೆ ಕೊಟ್ಟಿದೆ. ಕೆಂಚು ಮೈ, ಕಪ್ಪು ಮೂತಿಯ ಈ ನಾಯಿ ಹಂದಿ ಬೇಟೆಗೆ, ತೋಟದ ಕಾವಲಿಗೆ ಹೆಸರಾದದ್ದು. ಮನೆಯವರಿಗೆ ಮೆತ್ತಗೆ, ಹೊಸಬರಿಗೆ ಕಠೋರ. ತೊಟ್ಟಿಲಲ್ಲಿ ಅಳುವ ಕೂಸು ಅದರ ಲೆಕ್ಕದಲ್ಲಿ ಮನೆಯದೋ ಹೊಸದೋ ಎಂಬುದೇ ಪ್ರಶ್ನೆ.

ಹಳೆಯ ಕ್ರಮ ಈ ಪ್ರಶ್ನೆ ಏಳಲು ಬಿಡುತ್ತಿರಲಿಲ್ಲ. ಕನ್ನಡಿಗರಲ್ಲೂ ತಮಿಳರಲ್ಲೂ ಚೊಚ್ಚಲ ಹೆರಿಗೆ ತವರಿನಲ್ಲಿ. ಸೀಮಂತವೋ ವಳೈಕಾಪ್ಪೋ ಮುಗಿಸಿಕೊಂಡು ಹೋದ ಸೊಸೆ, ಕೂಸಿಗೆ ಕೆಲವು ತಿಂಗಳು ತುಂಬಿದ ಮೇಲೆ ಗಂಡನ ಮನೆಗೆ ಮರಳುತ್ತಿದ್ದಳು. ಅಲ್ಲಿನ ನಾಯಿಗೆ ಎದುರಾಗುತ್ತಿದ್ದುದು ಕತ್ತು ನಿಂತ, ನಗುವ ಮಗು, ಹಸುಗೂಸಲ್ಲ. ತವರಿನಲ್ಲೂ ನಾಯಿ ಇರುತ್ತಿತ್ತಲ್ಲ ಎನ್ನಬಹುದು. ಇರುತ್ತಿತ್ತು, ಆದರೆ ಅದು ಆ ಮನೆಮಗಳ ಮೈವಾಸನೆ ಬಲ್ಲ ನಾಯಿ, ಮಲಗುತ್ತಿದ್ದುದು ಜಗಲಿಯಲ್ಲೋ ತೋಟದಲ್ಲೋ. ಬಾಣಂತಿಕೋಣೆಯ ಹೊಸ್ತಿಲ ಬಳಿ ಅದಕ್ಕೆ ಕೆಲಸವಿರಲಿಲ್ಲ. ಒಳಗಿನ ಎಣ್ಣೆ, ಸಾಂಬ್ರಾಣಿ ಹೊಗೆ, ಒಗೆದ ಬಟ್ಟೆ, ಅಳು, ಇವೆಲ್ಲ ವಾರಗಟ್ಟಲೆ ದೂರದಿಂದಲೇ ಅದರ ಮೂಗಿಗೂ ಕಿವಿಗೂ ಬೀಳುತ್ತಿದ್ದವು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯಿದೆ. ಬಾಣಂತಿಯನ್ನು ಪ್ರತ್ಯೇಕ ಇರಿಸಿದ್ದು ಸೂತಕದ ಭಾವನೆಯಿಂದ, ನಾಯಿಯ ಚಿಂತೆಯಿಂದಲ್ಲ. ಹಾಗಿರುವಾಗ ಅದನ್ನು ಪೂರ್ವಸಿದ್ಧತೆ ಎನ್ನುವುದು ಹೇಗೆ? ಒಪ್ಪುವ ಮಾತು. ಸೂತಕದ ಹೆಸರಿನಲ್ಲಿ ಹೆಂಗಸರು ಪಟ್ಟ ಪಾಡನ್ನು ಹೊಗಳಲು ನನಗೂ ಮನಸ್ಸಿಲ್ಲ. ಆದರೆ ಒಂದು ಕಟ್ಟಳೆಯ ಉದ್ದೇಶ ಬೇರೆ, ಪರಿಣಾಮ ಬೇರೆ. ಉದ್ದೇಶ ಸವೆದು ಕಟ್ಟಳೆ ಬಿದ್ದಾಗ ಪರಿಣಾಮವೂ ಜೊತೆಗೇ ಹೋಯಿತು, ಹೋದದ್ದು ಯಾರ ಗಮನಕ್ಕೂ ಬರಲಿಲ್ಲ. ಈಗ ಹೆರಿಗೆ ತೇನಿಯ ಅಥವಾ ದಿಂಡಿಗಲ್‌ನ ಆಸ್ಪತ್ರೆಯಲ್ಲಿ. ಕೆಲವೇ ದಿನಗಳಲ್ಲಿ ಕೂಸು ಎರಡು ಕೋಣೆಯ ಮನೆಗೆ ಬರುತ್ತದೆ, ನಾಯಿ ಆಗಲೇ ಒಳಗಿರುತ್ತದೆ.

ಪ್ರಾಣಿಯ ಇಷ್ಟಾನಿಷ್ಟವನ್ನು ಹಿಂದಿನವರು ಲೆಕ್ಕಿಸುತ್ತಲೇ ಇರಲಿಲ್ಲ ಎನ್ನುವಂತೆಯೂ ಇಲ್ಲ. ಕನ್ನಡ ನಾಡಿನಿಂದ ವಲಸೆ ಹೋದ ಕಪ್ಪಿಲಿಯರು ಕಂಬಂನಲ್ಲಿ ದೇವರ ದನಗಳ ಹಿಂಡೊಂದನ್ನು ಕಾಪಾಡಿಕೊಂಡು ಬಂದಿದ್ದಾರೆ. ತಮಿಳಿನಲ್ಲಿ ಅದು ‘ತಂಬಿರಾನ್ ಮಾಡು’. ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ 1909ರಲ್ಲಿ ಹೊರಬಂದ ಎಡ್ಗರ್ ಥರ್ಸ್ಟನ್‌ರ ಸಂಪುಟಗಳಲ್ಲಿ ಅದರ ವಿವರವಿದೆ. ಪಟ್ಟದ ಹೋರಿ ಸತ್ತಾಗ ಕುಲದವರೆಲ್ಲ ಸೇರಿ ಹಿಂಡಿನ ಮುಂದೆ ಕಬ್ಬು ಇಡುತ್ತಿದ್ದರು. ತಾನಾಗಿ ಬಂದು ಬಾಯಿ ಹಾಕಿದ ಹೋರಿಗೇ ಪಟ್ಟ. ಎಳೆದು ತಂದು ನಿಲ್ಲಿಸುವುದಲ್ಲ, ಕಾಯುವುದು. ಮಗುವನ್ನು ನಾಯಿಯ ಮೂತಿಗೆ ಹಿಡಿಯಬೇಡಿ, ಅದೇ ಹತ್ತಿರ ಬರಲಿ ಎಂದು ಇಂದಿನ ಪಶುವೈದ್ಯರು ಹೇಳುವುದರಲ್ಲಿಯೂ ಈ ತಾಳ್ಮೆಯೇ ಇದೆ.

ಹಾಗೆಂದು ಹಳೆಯದೆಲ್ಲ ಸಾಕಾಗಿತ್ತು ಎನ್ನಲಾರೆ. ಹುಚ್ಚುನಾಯಿ ಕಡಿತಕ್ಕೆ ಜಗಲಿಯೂ ಹೊಸ್ತಿಲೂ ಮದ್ದಾಗಲಿಲ್ಲ. ಅದಕ್ಕೆ ಚಿಕಿತ್ಸೆ ಕೊಡುವ ಕೂನೂರಿನ ಪಾಶ್ಚರ್ ಸಂಸ್ಥೆ ದಕ್ಷಿಣದವರಿಗೆ ಒದಗಿದ್ದೇ 1907ರಲ್ಲಿ. ಅದಕ್ಕೆ ಮೊದಲು ದೂರದ ಉತ್ತರದ ಕಸೌಲಿಯ ಸಂಸ್ಥೆಯೇ ಗತಿ. ಆದ್ದರಿಂದ ನಾಯಿಗೆ ರೇಬೀಸ್ ಲಸಿಕೆ, ಜಂತುಮಾತ್ರೆ ಮೊದಲು. ಬಸಿರಿನ ತಿಂಗಳುಗಳಲ್ಲೇ ಅದು ಮಲಗುವ ಜಾಗ ಬದಲಿಸಬೇಕು. ಕೂಸು ಬಂದ ದಿನವೇ ಹೊರಗೆ ಕಟ್ಟಿದರೆ ಅದಕ್ಕೆ ಕೂಸಿನ ಮೇಲೆಯೇ ಮುನಿಸು. ಆಸ್ಪತ್ರೆಯಿಂದ ಕೂಸು ಸುತ್ತಿದ ಬಟ್ಟೆಯೊಂದನ್ನು ಮುಂಚಿತವಾಗಿ ತಂದು ಮೂಸಲು ಕೊಡಬೇಕು. ಎಷ್ಟೇ ಸಾಧುವಾದರೂ ನಾಯಿ ಮತ್ತು ಕೂಸು ಎರಡನ್ನೇ ಬಿಟ್ಟು ಹೋಗಬಾರದು. ಅಂದಿನ ಮನೆಯಲ್ಲಿ ಅಜ್ಜಿಯೋ ಅತ್ತೆಯೋ ಸದಾ ತೊಟ್ಟಿಲ ಬಳಿ ಇರುತ್ತಿದ್ದರು, ಇಂದು ಆ ಜಾಗದಲ್ಲಿ ಅಪ್ಪ ಕೂರಬೇಕು.