ಕೊರತೆಯೋ ತಡೆಯೋ: ಬಳಗಾನೂರು ಸೀಮೆಯ ಹೂವಾಡುವ ಹತ್ತಿಯಲ್ಲಿ ಕೆಂಪೆಲೆಯ ನಿದಾನ

ಹತ್ತಿ ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಎಲೆ ಕೆಂಪಾಯಿತೆಂದರೆ ರೈತ ಒಂದೆಲೆ ಕಿತ್ತುಕೊಂಡು ಗೊಬ್ಬರದ ಅಂಗಡಿಗೆ ಹೋಗುತ್ತಾನೆ. ಅಂಗಡಿಯಾತ ಎಲೆ ನೋಡಿ ಚೀಲ ಇಳಿಸುತ್ತಾನೆ. ಕಿತ್ತ ಎಲೆ ಗಿಡದ ಬುಡದ್ದೋ ತುದಿಯದ್ದೋ, ಹೊಲದ ತಗ್ಗಿನದ್ದೋ ದಿನ್ನೆಯದ್ದೋ ಎಂದು ಕೇಳುವವರು ಕಡಿಮೆ. ಹಾಗೆ ಕೇಳದೆ ಹೋದಾಗ ಚಿಕಿತ್ಸೆ ಎಲ್ಲಿ ತಪ್ಪುತ್ತದೆ ಎಂಬುದು ಈ ಲೇಖನದ ವಿಷಯ. ಈ ಸೀಮೆಯ ಎರೆಭೂಮಿಯಲ್ಲಿ ಕೆಂಪೆಲೆ ಅನೇಕ ವೇಳೆ ಮಣ್ಣಿನಲ್ಲಿ ಪೋಷಕಾಂಶ ಇಲ್ಲದ್ದರ ಗುರುತಲ್ಲ, ಇದ್ದದ್ದು ಬೇರಿಗೆ ದಕ್ಕದ್ದರ ಗುರುತು ಎಂಬುದು ನನ್ನ ವಾದ.

ಮೊದಲು ನೆಲದ ಮಾತು. ಬಳಗಾನೂರು ಸೀಮೆ ತುಂಗಭದ್ರಾ ಎಡದಂಡೆ ನಾಲೆಯ ಅಚ್ಚುಕಟ್ಟಿಗೆ ಸೇರಿದ್ದು. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿಯಿತು. ಎಡದಂಡೆ ನಾಲೆಯನ್ನು ಯೋಜಿಸಿದವರ ಕಣ್ಣಮುಂದೆ ಇದ್ದದ್ದು ಭತ್ತದ ಗದ್ದೆಯಲ್ಲ. ಬರದ ನಾಡಿನ ಮೇಲೆ ನೀರನ್ನು ತೆಳ್ಳಗೆ ಹರಡಿ ಜೋಳ, ಹತ್ತಿ, ಶೇಂಗಾ ಉಳಿಸಿಕೊಳ್ಳುವುದು ಅವರ ಉದ್ದೇಶ. ಆದದ್ದು ಬೇರೆ. ನಾಲೆಯ ಮೇಲ್ಭಾಗದಲ್ಲಿ ಭತ್ತ ಹಬ್ಬಿತು, ಕೊನೆಭಾಗ ನೀರಿಗೆ ಬಾಯಿ ಬಿಡುವಂತಾಯಿತು. ಮೇಲಿನ ಗದ್ದೆಯಿಂದ ಬಸಿದ ನೀರು ಮಾತ್ರ ತಗ್ಗಿನ ಹೊಲಗಳ ಅಡಿಯಲ್ಲಿ ನಿಂತು ಉಪ್ಪನ್ನು ಮೇಲಕ್ಕೆತ್ತಿತು. ಈ ಅಚ್ಚುಕಟ್ಟಿನಲ್ಲಿ ಸವಳು-ಜವಳಿಗೆ ಸಿಕ್ಕ ಭೂಮಿ ಸುಮಾರು 96 ಸಾವಿರ ಹೆಕ್ಟೇರ್ ಎಂಬ ಅಂದಾಜು ಬಹಳ ಕಾಲದಿಂದ ಚಲಾವಣೆಯಲ್ಲಿದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಇಂಥ ನೆಲದ ಸುಧಾರಣೆಯ ಮೇಲೆಯೇ ಕೆಲಸ ಮಾಡುತ್ತ ಬಂದಿದೆ.

ಎರೆಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಉಬ್ಬಿದಾಗ ಅದರ ರಂಧ್ರಗಳು ಮುಚ್ಚಿ ಬೇರಿಗೆ ಗಾಳಿ ಸಿಗುವುದಿಲ್ಲ. ರಸಸಾರ ಸಾಮಾನ್ಯವಾಗಿ 8ರ ಮೇಲಿರುತ್ತದೆ, ಅಗೆದರೆ ಸುಣ್ಣದ ಹರಳು ಸಿಗುತ್ತವೆ. ಸುಣ್ಣ ಹೆಚ್ಚಿದ ಇಂಥ ಮಣ್ಣಿನಲ್ಲಿ ರಂಜಕ ಕ್ಯಾಲ್ಸಿಯಂ ಜೊತೆ ಕಟ್ಟಿಕೊಳ್ಳುತ್ತದೆ, ಸತು ಮತ್ತು ಕಬ್ಬಿಣ ಕರಗದೆ ಉಳಿಯುತ್ತವೆ. ಮೆಗ್ನೀಷಿಯಂ ಜೇಡಿಯ ಮೇಲೆ ಸಾಕಷ್ಟಿದ್ದರೂ ಕ್ಯಾಲ್ಸಿಯಂ, ಪೊಟ್ಯಾಷ್, ಅಮೋನಿಯಂಗಳೊಡನೆ ಪೈಪೋಟಿ ನಡೆಸಿಯೇ ಬೇರು ಸೇರಬೇಕು. ಉಸಿರು ಕಟ್ಟಿದ ಬೇರಿಗೆ ಆ ತ್ರಾಣ ಇರುವುದಿಲ್ಲ.

ಹೂವಾಡುವ ಹಂತಕ್ಕೇ ಇದು ಬಯಲಾಗುವುದಕ್ಕೆ ಕಾರಣವಿದೆ. ಬಿತ್ತಿ 60 ದಿನ ಆಗುವ ಸುಮಾರಿಗೆ ಹೂ ಕಾಣುತ್ತದೆ. ಅಲ್ಲಿಂದ ಮುಂದೆ ಕಾಯಿಗಳು ಸಾರಜನಕ, ಪೊಟ್ಯಾಷ್, ಮೆಗ್ನೀಷಿಯಂಗಳನ್ನು ಎಳೆದುಕೊಳ್ಳುತ್ತವೆ. ಬೇರು ಪೂರೈಸದಿದ್ದರೆ ಗಿಡ ತನ್ನ ಹಳೆಯ ಎಲೆಗಳನ್ನೇ ಬಿಚ್ಚಿ ಕೊಡುತ್ತದೆ. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕ ಮೇಲೆ ಈ ಭಾರ ಹೆಚ್ಚಿತು. ಕಾಯಿಕೊರಕದಿಂದ ಉದುರುತ್ತಿದ್ದ ಕಾಯಿಗಳು ಉಳಿದು ಒಟ್ಟೊಟ್ಟಿಗೆ ಬಲಿಯತೊಡಗಿದವು, ಬೇಡಿಕೆ ಕೆಲವೇ ವಾರಗಳಲ್ಲಿ ಒತ್ತಿಕೊಂಡು ಬಂತು. ಅದರ ಮೇಲೆ ರಾತ್ರಿ ಚಳಿ ಬಿದ್ದರೆ ಎಲೆಯ ಕೆಂಪು ಬಣ್ಣ ಇನ್ನಷ್ಟು ಗಾಢವಾಗುತ್ತದೆ.

ಆದ್ದರಿಂದ ಬಣ್ಣಕ್ಕಿಂತ ಸ್ಥಾನ ಹೆಚ್ಚು ಹೇಳುತ್ತದೆ. ಬುಡದ ಎಲೆಯಲ್ಲಿ ನರ ಹಸಿರಾಗಿಯೇ ಉಳಿದು ನಡುವಿನ ಭಾಗ ಕೆಂಪಾಗಿದ್ದರೆ ಸಂಶಯ ಮೆಗ್ನೀಷಿಯಂ ಮೇಲೆ. ನರಸಮೇತ ಇಡೀ ಎಲೆ ಮಂಕಾಗಿ ಹಳದಿಗೆ ತಿರುಗಿ ಆಮೇಲೆ ಕೆಂಪಾದರೆ ಸಾರಜನಕ. ಅಂಚು ಸುಟ್ಟಂತಾದರೆ ಪೊಟ್ಯಾಷ್, ಇಲ್ಲವೆ ಉಪ್ಪು. ತುದಿಯ ಎಳೆಯ ಎಲೆ ಹಸಿರು ನರಗಳ ನಡುವೆ ಬಿಳಿಚಿಕೊಂಡರೆ ಕಬ್ಬಿಣ, ಏಕೆಂದರೆ ಅದು ಹಳೆಯ ಎಲೆಯಿಂದ ಹೊಸದಕ್ಕೆ ಸಾಗುವುದಿಲ್ಲ. ಇಷ್ಟಾದರೂ ಎಲೆಯನ್ನು ಮಗುಚಿ ನೋಡದೆ ತೀರ್ಪು ಕೊಡಬಾರದು. ಹಸಿರು ಜಿಗಿಹುಳು ರಸ ಹೀರಿದ ಎಲೆಯೂ ಅಂಚಿನಿಂದ ಮುದುಡಿ ಕೆಂಪಾಗುತ್ತದೆ, ಬಿಟಿ ಗುಣ ಅದನ್ನು ತಡೆಯುವುದಿಲ್ಲ. ಹುಳುವಿನ ಕೆಂಪಿಗೆ ಗೊಬ್ಬರ ಹಾಕಿ ಕೈಸುಟ್ಟುಕೊಳ್ಳುವುದು ಹೊಸತಲ್ಲ.

ಗಿಡ ಬಿಟ್ಟು ಹೊಲ ನೋಡಿದರೆ ಇನ್ನೊಂದು ಸಾಕ್ಷ್ಯ. ಕೆಂಪು ತಗ್ಗನ್ನು ಹಿಡಿದು ಸಾಗಿದ್ದರೆ ನಿಂತ ನೀರಿನ ಕೈವಾಡವಿದೆ. ಅಲ್ಲಿ ಹಾಕಿದ ಯೂರಿಯಾದ ಸಾರಜನಕ ಅನಿಲವಾಗಿ ಹಾರಿಹೋಗುತ್ತದೆ. ಬೋದಿನ ನೆತ್ತಿಯ ಮೇಲೆ ಬಿಳಿ ಪೊರೆ ಕಂಡರೆ ಉಪ್ಪು, ಸಾಲಿನಲ್ಲಿ ಹರಿದ ನೀರು ಆವಿಯಾಗುವಾಗ ಅದನ್ನು ನೆತ್ತಿಗೆ ಒಯ್ದಿಟ್ಟಿರುತ್ತದೆ. ಸಾಲಿನ ಮಣ್ಣನ್ನಷ್ಟೇ ಪರೀಕ್ಷೆಗೆ ಕಳುಹಿಸಿದರೆ ಈ ಉಪ್ಪು ವರದಿಯಲ್ಲಿ ಕಾಣಿಸದು.

ಮಣ್ಣು ಆರೋಗ್ಯ ಚೀಟಿಯ ಮಿತಿಯನ್ನೂ ಇಲ್ಲಿ ಹೇಳಬೇಕು. 2015ರ ಫೆಬ್ರವರಿಯಲ್ಲಿ ಆರಂಭವಾದ ಈ ಯೋಜನೆ 12 ಅಂಶ ಅಳೆಯುತ್ತದೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ, ವಿದ್ಯುತ್ ವಾಹಕತೆ, ಸಾವಯವ ಇಂಗಾಲ. ಮೆಗ್ನೀಷಿಯಂ ಇದರಲ್ಲಿಲ್ಲ. ಜೇಡಿಗೆ ಅಂಟಿ ಅದನ್ನು ಬಿಗಿಸುವ ವಿನಿಮಯ ಸೋಡಿಯಂ ಕೂಡ ಇಲ್ಲ. ಕೆಂಪೆಲೆಯ ಮುಖ್ಯ ಆರೋಪಿಗಳಿಬ್ಬರೂ ಚೀಟಿಯ ಹೊರಗೇ ಉಳಿದಿದ್ದಾರೆ. ಜೊತೆಗೆ ನೀರಾವರಿಯಲ್ಲಿ 2.5 ಹೆಕ್ಟೇರಿಗೆ ಒಂದು ಮಾದರಿ ಎಂಬ ಲೆಕ್ಕ. ದಿನ್ನೆ, ತಗ್ಗು, ಸವಳು ಮೂರೂ ಅದರೊಳಗೆ ಕಲಸಿಹೋಗುತ್ತವೆ. ಚೀಟಿ ಸುಳ್ಳು ಹೇಳುವುದಿಲ್ಲ, ಆದರೆ ಕೇಳದ ಪ್ರಶ್ನೆಗೆ ಅದು ಉತ್ತರ ಕೊಡಲಾರದು.

ಸವಳು ನೆಲವೆಲ್ಲ ಒಂದೇ ಬಗೆಯದೂ ಅಲ್ಲ. ಮಣ್ಣಿನ ಸಾರದ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮನ್ಸ್ ದಾಟಿದರೆ ಅದು ಲವಣದ ನೆಲ. ಬಸಿಗಾಲುವೆ ತೆಗೆದು ಒಳ್ಳೆಯ ನೀರು ಹಾಯಿಸಿ ತೊಳೆಯಬೇಕು. ವಿನಿಮಯ ಸೋಡಿಯಂ ಶೇ. 15 ಮೀರಿ, ರಸಸಾರ 8.5 ದಾಟಿದ್ದರೆ ಅದು ಕ್ಷಾರ. ಅಲ್ಲಿ ಜಿಪ್ಸಂ ಹಾಕದೆ ಬರೀ ನೀರು ಕೊಟ್ಟರೆ ಜೇಡಿ ಇನ್ನಷ್ಟು ಚದುರಿ ಬಿಗಿಯುತ್ತದೆ. ಎರಡಕ್ಕೂ ಒಂದೇ ಚೀಲ ಬರೆದುಕೊಡುವುದು ತಪ್ಪು. ಕೆಂಪು ಕಂಡೊಡನೆ ಡಿಎಪಿ ಸುರಿಯುವುದು ಅದಕ್ಕಿಂತ ದೊಡ್ಡ ತಪ್ಪು: ಹೆಚ್ಚಾದ ರಂಜಕ, ಮೊದಲೇ ಕರಗದೆ ಕುಳಿತ ಸತುವನ್ನು ಗಿಡದಿಂದ ಮತ್ತಷ್ಟು ದೂರ ಮಾಡುತ್ತದೆ.

ಹಾಗಾದರೆ ಹೂ ಬಿಟ್ಟ ಹೊಲದಲ್ಲಿ ಈ ವಾರವೇ ಏನು ಮಾಡಬಹುದು? ಪ್ರಯೋಗಾಲಯದ ವರದಿಗೆ ಕಾಯುವಷ್ಟು ಪುರುಸೊತ್ತು ಹತ್ತಿಗೆ ಇಲ್ಲ. ಮೊದಲು ನಿಂತ ನೀರನ್ನು ಹೊರಗೆ ಬಿಡಬೇಕು. ಆಮೇಲೆ ಲೀಟರ್ ನೀರಿಗೆ 10 ಗ್ರಾಂ ಮೆಗ್ನೀಷಿಯಂ ಸಲ್ಫೇಟ್ ಕರಗಿಸಿ ನಾಲ್ಕು ಸಾಲಿಗೆ ಸಿಂಪಡಿಸಿ, ಪಕ್ಕದ ನಾಲ್ಕು ಸಾಲನ್ನು ಹಾಗೇ ಬಿಡಬೇಕು. ಕೆಂಪಾದ ಎಲೆ ಮತ್ತೆ ಹಸಿರಾಗುವುದಿಲ್ಲ, ಅದನ್ನು ನೋಡಿ ನಿರಾಶರಾಗಬಾರದು. ಹತ್ತು ದಿನದ ಮೇಲೆ ಅದರ ಮೇಲಿನ ಎಲೆಗಳಿಗೆ ಕೆಂಪು ಏರಿದೆಯೋ ನಿಂತಿದೆಯೋ ಎಂಬುದನ್ನು ಎರಡೂ ಪಟ್ಟಿಗಳಲ್ಲಿ ಹೋಲಿಸಬೇಕು. ವ್ಯತ್ಯಾಸ ಕಾಣದಿದ್ದರೆ ಮೆಗ್ನೀಷಿಯಂ ಒಂದೇ ಕಾರಣ ಎಂಬ ಊಹೆ ಬಿಡಬೇಕು.

ಉಳಿದ ವಿಚಾರಣೆ ಹತ್ತಿ ಕಿತ್ತ ಮೇಲೆ. ಕೆಂಪಾಗಿದ್ದ ಜಾಗಕ್ಕೆ ಅಲ್ಲಿಯತನಕ ಗೂಟ ನೆಟ್ಟಿರಬೇಕು. ಅಲ್ಲಿ ಒಂದು ಗುಂಡಿ, ಚೆನ್ನಾಗಿ ಬೆಳೆದಿದ್ದ ಜಾಗದಲ್ಲಿ ಒಂದು ಗುಂಡಿ, ಎರಡೂ ಎರಡು ಅಡಿ ಆಳ. ಮೇಲಿನ ಅರ್ಧ ಅಡಿಯ ಮಣ್ಣು ಬೇರೆ, ಕೆಳಗಿನದು ಬೇರೆ ಚೀಲಕ್ಕೆ. ಪ್ರಯೋಗಾಲಯದವರಿಗೆ ವಿನಿಮಯ ಸೋಡಿಯಂ ಮತ್ತು ಮೆಗ್ನೀಷಿಯಂ ಎರಡನ್ನೂ ಅಳೆಯಿರಿ ಎಂದು ಚೀಲದ ಮೇಲೆ ಬರೆದೇ ಕೊಡಬೇಕು.